ಆಟಿಸಂ ಇರುವ ಮಗುವಿಗೆ ಕುಂಟೆಬಿಲ್ಲೆ ಕಲಿಸುವುದು ಹೇಗೆ

"ನಮ್ಮ ಹುಡುಗ ಸೋಫಾ ಮೇಲಿಂದ ಹಾರ್ತಾನೆ, ಕಿಟಕಿ ಸರಳು ಹಿಡಿದು ಮೇಲೆ ಹತ್ತುತ್ತಾನೆ, ಬಿದ್ದಿದ್ದೇ ಇಲ್ಲ. ಇವನಿಗೆ ಬ್ಯಾಲೆನ್ಸ್ ಕಮ್ಮಿ ಅಂದ್ರೆ ಹೇಗೆ ನಂಬೋದು?" ಆಟಿಸಂ ಇರುವ ಮಕ್ಕಳ ಅಪ್ಪ ಅಮ್ಮಂದಿರು ಕೇಳುವ ಪ್ರಶ್ನೆ ಇದು, ಕೇಳುವುದರಲ್ಲಿ ತಪ್ಪೂ ಇಲ್ಲ. ಅದೇ ಹುಡುಗನನ್ನು ನಿಧಾನವಾಗಿ ನಡೆಸಿ ನೋಡಿ. ಕಂಬಿ ಹಿಡಿಯದೆ ಮೆಟ್ಟಿಲು ಇಳಿಯುವಾಗ ಪಕ್ಕದಲ್ಲೇ ನಿಂತು ನೋಡಿ. ಗೋಡೆಗೆ ಒರಗದೆ, ನಿಂತುಕೊಂಡೇ ಚಡ್ಡಿ ಹಾಕಿಕೊಳ್ಳುತ್ತಾನಾ ಗಮನಿಸಿ. ಓಡುವಾಗ ವೇಗವೇ ಆಸರೆ. ಒಂದು ಹೆಜ್ಜೆ ವಾಲಿದರೂ ಮುಂದಿನ ಹೆಜ್ಜೆ ಅದನ್ನು ಮುಚ್ಚಿಬಿಡುತ್ತದೆ. ನಿಧಾನವಾಗಿ ನಡೆಯುವಾಗ ಪ್ರತಿ ಹೆಜ್ಜೆಗೂ ಇಡೀ ಮೈಭಾರ ಒಂದೇ ಕಾಲಿನ ಮೇಲೆ ಸ್ವಲ್ಪ ಹೊತ್ತು ನಿಲ್ಲಬೇಕು, ಕಷ್ಟ ಕಾಣಿಸುವುದು ಅಲ್ಲಿ. ಆದ್ದರಿಂದ ಈ ಮಕ್ಕಳಿಗೆ ಇನ್ನಷ್ಟು ಓಡಾಟ, ಇನ್ನಷ್ಟು ಜಿಗಿದಾಟ ಕೊಟ್ಟ ಮಾತ್ರಕ್ಕೆ ಸಮತೋಲನ ತಾನಾಗಿ ಬರುವುದಿಲ್ಲ. ನಿಲ್ಲುವುದನ್ನು ಬೇರೆಯಾಗಿ ಕಲಿಸಬೇಕು, ಅದಕ್ಕೆ ಒದಗುವ ಆಟ ಕುಂಟೆಬಿಲ್ಲೆ.

ನೆಟ್ಟಗೆ ನಿಲ್ಲಲು ಮೆದುಳಿಗೆ ಮೂರು ಕಡೆಯಿಂದ ಸುದ್ದಿ ಬೇಕು. ಒಂದು ಕಣ್ಣು. ಎರಡನೆಯದು ಒಳಗಿವಿ: ಅಲ್ಲಿನ ಮೂರು ಅರ್ಧವೃತ್ತಾಕಾರದ ನಾಳಗಳು ತಲೆ ತಿರುಗಿದ್ದನ್ನು ತಿಳಿಸುತ್ತವೆ, ಎರಡು ಪುಟ್ಟ ಚೀಲಗಳು ತಲೆ ವಾಲಿದ್ದನ್ನೂ ಮೇಲೆ ಕೆಳಗೆ ಹೋದದ್ದನ್ನೂ ತಿಳಿಸುತ್ತವೆ. ಮೂರನೆಯದು ಅಂಗಾಲಿನ ಚರ್ಮ, ಪಾದದ ಕೀಲು, ಸ್ನಾಯು. ಈ ಮೂರನ್ನೂ ಕೂಡಿಸಿ, ಯಾವಾಗ ಯಾವುದನ್ನು ಹೆಚ್ಚು ನಂಬಬೇಕೆಂದು ಲೆಕ್ಕ ಹಾಕುವುದರಲ್ಲಿ ಕಿರುಮೆದುಳಿನ ಪಾತ್ರ ದೊಡ್ಡದು. ಆಟಿಸಂ ಇರುವ ಎಷ್ಟೋ ಮಕ್ಕಳಲ್ಲಿ ಕಾಲಿನ ಬಲ ಸಾಕಷ್ಟಿರುತ್ತದೆ, ತೊಡಕಿರುವುದು ಈ ಕೂಡಿಸುವ ಕೆಲಸದಲ್ಲಿ. ಮಗು ಹಲವು ಸಲ ಕಣ್ಣಿನ ಮೇಲೆ ಅತಿಯಾಗಿ ಆತುಕೊಳ್ಳುತ್ತದೆ. ಕಣ್ಣು ಮುಚ್ಚಿಸಿ ಮೆತ್ತನೆಯ ಸ್ಪಂಜಿನ ಮೇಲೆ ನಿಲ್ಲಿಸಿದರೆ ಒಂದೇ ವಯಸ್ಸಿನ ಬೇರೆ ಮಕ್ಕಳಿಗಿಂತ ಹೆಚ್ಚು ತೂಗಾಡುತ್ತದೆ. ಅಮೆರಿಕದ ಪಿಟ್ಸ್‌ಬರ್ಗ್‌ನ ಸಂಶೋಧಕರು 5ರಿಂದ 52 ವರ್ಷದವರೆಗಿನ ಆಟಿಸಂ ಇರುವವರನ್ನು ಪರೀಕ್ಷಿಸಿ 2004ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ನಿಲುವಿನ ಸ್ಥಿರತೆ ತಡವಾಗಿ ಬೆಳೆಯುತ್ತದೆ, ದೊಡ್ಡವರ ಮಟ್ಟವನ್ನು ಪೂರ್ತಿಯಾಗಿ ಮುಟ್ಟುವುದಿಲ್ಲ ಎಂದು ಕಂಡಿತು. ಅಮೆರಿಕದಲ್ಲಿ ಆಟಿಸಂ ಇರುವ 11,000ಕ್ಕೂ ಹೆಚ್ಚು ಮಕ್ಕಳ ಪೋಷಕರು ತುಂಬಿದ ಪ್ರಶ್ನಾವಳಿಯ ಮೇಲೆ 2020ರಲ್ಲಿ ಬಂದ ವರದಿಯ ಪ್ರಕಾರ ಸುಮಾರು 87% ಮಕ್ಕಳಿಗೆ ಚಲನೆಯ ತೊಂದರೆ ಇರುವ ಸಂಭವ ಇತ್ತು. ಫಿಸಿಯೋಥೆರಪಿ ಸಿಗುತ್ತಿದ್ದವರು ಮೂರನೆಯ ಒಂದು ಭಾಗಕ್ಕಿಂತ ಕಡಿಮೆ. ನಮ್ಮಲ್ಲೂ ಮಾತಿನ ಥೆರಪಿಗೆ ಓಡಾಡುವಷ್ಟು ಕಾಲಿನ ಕಡೆಗೆ ಯಾರೂ ನೋಡುವುದಿಲ್ಲ.

ಮನೆಯಲ್ಲಿ ಅಂದಾಜು ಮಾಡುವುದು ಸುಲಭ. ಸಾಮಾನ್ಯವಾಗಿ 3 ವರ್ಷದ ಮಗು ಒಂಟಿಕಾಲಲ್ಲಿ ಒಂದೆರಡು ಸೆಕೆಂಡ್ ನಿಲ್ಲುತ್ತದೆ, 4 ವರ್ಷಕ್ಕೆ ಸುಮಾರು 5 ಸೆಕೆಂಡ್, 5ರಿಂದ 6ರ ಹೊತ್ತಿಗೆ 10 ಸೆಕೆಂಡ್. ಸೆಕೆಂಡ್ ಎಣಿಸುವುದಷ್ಟೇ ಸಾಲದು. ಎತ್ತಿದ ಕಾಲನ್ನು ಇನ್ನೊಂದು ಕಾಲಿಗೆ ಸುತ್ತಿ ಬಿಗಿಹಿಡಿದಿದೆಯೇ, ಕಾಲ್ಬೆರಳು ನೆಲವನ್ನು ಕಚ್ಚಿದಂತೆ ಮಡಿಚಿವೆಯೇ, ಸೊಂಟ ಒಂದು ಕಡೆ ಜೋತಿದೆಯೇ, ಉಸಿರು ಕಟ್ಟಿದೆಯೇ ನೋಡಿ. ಇವೆಲ್ಲ ಇದ್ದರೆ ಹತ್ತು ಸೆಕೆಂಡ್ ನಿಂತರೂ ಅದು ಸಲೀಸಾದ ನಿಲುವಲ್ಲ. ಕಣ್ಣಿನ ಮೇಲೆ ಎಷ್ಟು ಆತುಕೊಂಡಿದೆ ಎಂದು ತಿಳಿಯಲು ಕಣ್ಣು ಮುಚ್ಚು ಎಂದರೆ ಬಹಳ ಮಕ್ಕಳು ಮುಚ್ಚುವುದಿಲ್ಲ, ಪಟ್ಟಿ ಕಟ್ಟಿದರೆ ಹೆದರುತ್ತಾರೆ. ಅದರ ಬದಲು ಖಾಲಿ ರಟ್ಟಿನ ಡಬ್ಬವೊಂದನ್ನು ಹೊಟ್ಟೆಯ ಮುಂದೆ ಎರಡೂ ಕೈಯಲ್ಲಿ ಹಿಡಿಸಿ ಸಮತಟ್ಟಾದ ನೆಲದ ಮೇಲೆ ನಡೆಸಿ. ತನ್ನ ಕಾಲು ತನಗೆ ಕಾಣದಾಗ ಹೆಜ್ಜೆ ಅಗಲವಾಗುತ್ತದೆಯೇ, ತಡವರಿಸುತ್ತದೆಯೇ ಎನ್ನುವುದರಲ್ಲಿ ಉತ್ತರ ಸಿಗುತ್ತದೆ.

ಆಟ ಶುರುಮಾಡುವ ಮೊದಲು ಕೆಲವು ತೊಂದರೆಗಳು ಇಲ್ಲವೆಂದು ವೈದ್ಯರ ಬಳಿ ಖಚಿತಮಾಡಿಕೊಳ್ಳಬೇಕು. ಶೀತ ಕೆಮ್ಮು ಪದೇ ಪದೇ ಬರುವ ಮಗುವಿಗೆ ಕಿವಿಯ ತಮಟೆಯ ಹಿಂದೆ ದ್ರವ ನಿಂತಿದ್ದರೆ ಕೇಳುವುದೂ ಮಂದ, ನಡಿಗೆಯೂ ತೂರಾಟ, ಅದನ್ನು ಆಟಿಸಂನ ಲೆಕ್ಕಕ್ಕೆ ಹಾಕಿ ಕೂರಬಾರದು. ಕಣ್ಣಿನ ಪರೀಕ್ಷೆಯೂ ಆಗಿರಲಿ. ತುದಿಗಾಲಲ್ಲಿ ನಡೆಯುವ ಅಭ್ಯಾಸ ಇದ್ದರೆ ಮಗುವನ್ನು ಅಂಗಾತ ಮಲಗಿಸಿ, ಮಂಡಿ ನೇರವಾಗಿರುವಂತೆ ಹಿಡಿದು, ಪಾದವನ್ನು ಮೆಲ್ಲಗೆ ಮಂಡಿಯ ಕಡೆಗೆ ಒತ್ತಿ ನೋಡಿ. ಲಂಬಕೋನವನ್ನು ದಾಟಿ ಮುಂದೆ ಬರದಿದ್ದರೆ ಹಿಮ್ಮಡಿಯ ಹಿಂದಿನ ನರದಂಥ ಗಟ್ಟಿ ಪಟ್ಟಿ ಬಿಗಿದುಕೊಂಡಿದೆ ಎಂದರ್ಥ. ಅದನ್ನು ಸಡಿಲಿಸದೆ ಯಾವ ಸಮತೋಲನದ ಆಟವೂ ಹತ್ತುವುದಿಲ್ಲ. ನೆಲದಿಂದ ಏಳುವಾಗ ತನ್ನ ತೊಡೆಯ ಮೇಲೆ ತಾನೇ ಕೈಯೂರಿ ಹತ್ತಿಕೊಂಡು ಏಳುವುದು, ಮೊದಲು ಹತ್ತುತ್ತಿದ್ದ ಮೆಟ್ಟಿಲು ಈಗ ಹತ್ತಲಾಗದಿರುವುದು, ಒಂದೇ ಪಕ್ಕ ಸೋಲುವುದು, ಬೆಳಗಿನ ಹೊತ್ತು ತಲೆನೋವಿನ ಜೊತೆ ವಾಂತಿ: ಇವಕ್ಕೆ ಕಾಯಬೇಡಿ, ಮಕ್ಕಳ ನರರೋಗ ತಜ್ಞರಿಗೆ ತೋರಿಸಿ. ಫಿಟ್ಸ್ ಇರುವ ಮಕ್ಕಳು ಆಟಿಸಂನಲ್ಲಿ ಬಹಳ. ಅವರಿಗೆ ಎತ್ತರ ಹತ್ತಿಸುವುದು, ನೀರು, ಗಿರಗಿರ ತಿರುಗಿಸುವುದು ಯಾವುದೂ ವೈದ್ಯರನ್ನು ಕೇಳದೆ ಬೇಡ. ಫಿಟ್ಸ್‌ಗೆ ಕೊಡುವ ಕೆಲವು ಔಷಧಿಗಳಿಂದಲೇ ನಡುಕ, ತೂರಾಟ ಬರುವುದುಂಟು. ಹೊಸ ಔಷಧಿ ಶುರುವಾದ ಮೇಲೆ ಮಗು ಹೆಚ್ಚು ಬೀಳುತ್ತಿದ್ದರೆ ಅದನ್ನೂ ಹೇಳಿ. ಆದರೆ ಔಷಧಿಯನ್ನು ನೀವಾಗಿ ನಿಲ್ಲಿಸಬೇಡಿ.

ಇನ್ನು ಕುಂಟೆಬಿಲ್ಲೆ. ಸಾವಿರಾರು ರೂಪಾಯಿಯ ಬ್ಯಾಲೆನ್ಸ್ ಬೋರ್ಡ್, ಮೆತ್ತೆಯ ಸೇತುವೆ ಎಲ್ಲಕ್ಕಿಂತ ಈ ಆಟದ ಮೇಲೆ ನನಗೆ ನಂಬಿಕೆ ಹೆಚ್ಚು. ಗುರಿಯಿಟ್ಟು ಎಸೆಯುವುದು, ಒಂಟಿಕಾಲಲ್ಲಿ ಕುಪ್ಪಳಿಸುವುದು, ಗೆರೆ ತುಳಿಯದೆ ನಿಲ್ಲುವುದು, ಒಂಟಿಕಾಲಲ್ಲೇ ಬಗ್ಗಿ ಬಿಲ್ಲೆ ಎತ್ತುವುದು, ತಿರುಗಿ ವಾಪಸು ಬರುವುದು, ಸರದಿ ಕಾಯುವುದು, ಎಲ್ಲವೂ ಒಂದರೊಳಗೇ ಇವೆ. ಹಾಗಾಗಿಯೇ ಇಡೀ ಆಟವನ್ನು ಒಟ್ಟಿಗೆ ತೋರಿಸಿದರೆ ಮಗು ಎದ್ದು ಹೋಗುತ್ತದೆ. ಬಿಡಿಸಿ ಕೊಡಬೇಕು.

ಟೈಲ್ಸ್ ನೆಲದ ಮೇಲೆ ಬಣ್ಣದ ಟೇಪಿನಿಂದ, ತಾರಸಿಯಾದರೆ ಸೀಮೆಸುಣ್ಣದಿಂದ 40 ಸೆಂಟಿಮೀಟರಿನ ನಾಲ್ಕೇ ಮನೆಗಳನ್ನು ಒಂದೇ ಸಾಲಿನಲ್ಲಿ ಹಾಕಿ. ಎಂಟು ಮನೆ ಆಮೇಲೆ. ಬರಿಗಾಲೇ ಇರಲಿ, ಅಂಗಾಲಿನ ಸುದ್ದಿ ಮೆದುಳಿಗೆ ಚೆನ್ನಾಗಿ ಮುಟ್ಟಬೇಕು. ಕಾಲುಚೀಲ ಹಾಕಿ ನುಣ್ಣನೆ ನೆಲದ ಮೇಲೆ ಖಂಡಿತ ಬೇಡ. ಬಿಲ್ಲೆಗೆ ಹೆಂಚಿನ ಚೂರು ಮೊದಲಿಗೆ ಆಗದು, ಜಾರಿ ಮನೆ ದಾಟಿಬಿಡುತ್ತದೆ. ಅಂಗೈಯಗಲದ ಬಟ್ಟೆ ಚೀಲಕ್ಕೆ 100ರಿಂದ 150 ಗ್ರಾಂ ರಾಗಿ ತುಂಬಿ ಹೊಲಿದರೆ ಎಸೆದಲ್ಲೇ ಕೂರುತ್ತದೆ, ಕೈಗೂ ತೂಕ ತಿಳಿಯುತ್ತದೆ.

ಮೊದಲು ಪ್ರತಿ ಮನೆಯಲ್ಲೂ ಎರಡೂ ಪಾದ ಇಟ್ಟು, ನಿಂತು, ಮುಂದಿನ ಮನೆಗೆ ನಡೆಯುವುದು. ಮನೆಯೊಳಗೆ ರಟ್ಟಿನಲ್ಲಿ ಕತ್ತರಿಸಿದ ಎರಡು ಪಾದದ ಗುರುತು ಅಂಟಿಸಿ. "ನಿಲ್ಲು" ಎಂಬ ಮಾತಿನ ಜೊತೆ ಒಂದು, ಎರಡು, ಮೂರು ಎಂದು ಗಟ್ಟಿಯಾಗಿ ಎಣಿಸಿ. ಎಷ್ಟು ಹೊತ್ತು ನಿಲ್ಲಬೇಕು ಎನ್ನುವುದು ಮಗುವಿಗೆ ಕೇಳಿಸಬೇಕು, ಇಲ್ಲದಿದ್ದರೆ "ನಿಲ್ಲು" ಎನ್ನುವುದಕ್ಕೆ ಕೊನೆಯೇ ಕಾಣದು. ಇದು ಬಂದ ಮೇಲೆ ಎರಡೂ ಕಾಲು ಜೋಡಿಸಿ ಮನೆಯಿಂದ ಮನೆಗೆ ಜಿಗಿತ. ಜಿಗಿಯಲು ಬಾರದ ಮಗುವಿಗೆ ಊಟದ ಮಣೆಯ ಮೇಲಿಂದ ಕೆಳಕ್ಕೆ ಇಳಿಯುವ ಜಿಗಿತ ಮೊದಲು. ಕೆಳಕ್ಕೆ ಹಾರುವುದು ಮುಂದಕ್ಕೆ ಹಾರುವುದಕ್ಕಿಂತ ಸುಲಭ. ಮಣೆ ಜಾರದಂತೆ ಕೆಳಗೆ ಒದ್ದೆ ಬಟ್ಟೆಯನ್ನೋ ರಬ್ಬರ್ ಹಾಳೆಯನ್ನೋ ಹಾಕಿ. ಬಹಳ ಮಕ್ಕಳು ಮಂಡಿ ಬಾಗಿಸದೆ ಹಿಮ್ಮಡಿಯ ಮೇಲೆ ದಡ್ ಎಂದು ಇಳಿಯುತ್ತಾರೆ. "ಮೆಲ್ಲಗೆ ಇಳಿ" ಎಂದರೆ ಏನೂ ಬದಲಾಗದು. ಇಳಿದ ತಕ್ಷಣ ನೆಲದಲ್ಲಿರುವ ಸ್ಟಿಕ್ಕರನ್ನು ಎರಡೂ ಕೈಯಿಂದ ಮುಟ್ಟಲು ಕೊಡಿ, ಮುಟ್ಟಬೇಕಾದರೆ ಮಂಡಿ ಬಾಗಲೇಬೇಕು. ಕೆಳಗಿನ ಮನೆಯವರ ದೂರೂ ತಪ್ಪುತ್ತದೆ.

ಒಂಟಿಕಾಲಿನದು ಇದರ ಪಕ್ಕದಲ್ಲೇ ಬೇರೆಯಾಗಿ ನಡೆಯಲಿ. ಮೊದಲು ಒಂದು ಕಾಲು ನೆಲದ ಮೇಲೆ, ಇನ್ನೊಂದು ಮಣೆಯ ಮೇಲೆ. ಹಾಗೆ ನಿಂತು ಹತ್ತು ಚೆಂಡನ್ನು ಬುಟ್ಟಿಗೆ ಹಾಕಲಿ. ಮುಂದೆ ಮಣೆಯ ಬದಲು ಒಂದು ಚೆಂಡಿನ ಮೇಲೆ ಕಾಲು: ಚೆಂಡು ಉರುಳುವುದರಿಂದ ಅದರ ಮೇಲೆ ಭಾರ ಹಾಕಲಾಗದು, ನಿಂತ ಕಾಲೇ ಹೊರಬೇಕು. ಆಮೇಲೆ ಕಾಲೆತ್ತಿ ನಿಲ್ಲುವುದು, ಬೆನ್ನ ಹಿಂದೆ ಒಂದು ಗೇಣು ದೂರದಲ್ಲಿ ಗೋಡೆ. ಎದುರು ಗೋಡೆಗೆ ಮಗುವಿನ ಕಣ್ಣಿನ ಎತ್ತರದಲ್ಲಿ ಇಷ್ಟದ ಚಿತ್ರ ಅಂಟಿಸಿ, ನೋಟ ಅಲ್ಲಿ ನೆಟ್ಟರೆ ತೂಗಾಟ ಕಡಿಮೆ. ಮೂರು ಸೆಕೆಂಡ್ ನಿಲ್ಲಲು ಬಂದ ಕಾಲಲ್ಲಿ ಕುಪ್ಪಳಿಸಲು ಶುರುಮಾಡಬಹುದು. ನಿಲ್ಲಲು ಬಾರದ ಕಾಲಲ್ಲಿ ಕುಪ್ಪಳಿಸಿದರೆ ಬೀಳುವುದನ್ನು ಮುಂದೂಡುವ ಓಟವಷ್ಟೇ ಆಗುತ್ತದೆ.

ಕೈ ಹಿಡಿಯುವುದರಲ್ಲಿ ಹೆಚ್ಚಿನವರು ಎಡವುತ್ತಾರೆ. ದೊಡ್ಡವರು ನಿಂತು ಮಗುವಿನ ಕೈಯನ್ನು ಮೇಲಕ್ಕೆ ಎತ್ತಿ ಹಿಡಿದರೆ ಮಗು ಆ ಕೈಗೆ ಜೋತು ಬೀಳುತ್ತದೆ, ಭಾರವನ್ನು ತೂಗಿಸುವವರು ನೀವಾಗುತ್ತೀರಿ. ಮಗುವಿನ ಸೊಂಟದ ಎತ್ತರಕ್ಕಿಂತ ಮೇಲೆ ಹೋಗದಂತೆ ಒಂದು ಕೋಲನ್ನು ಅಡ್ಡ ಹಿಡಿಯಿರಿ, ಅದನ್ನು ಮಗು ಹಿಡಿಯಲಿ. ಕೆಲವು ದಿನದ ಮೇಲೆ ಕೋಲಿನ ಬದಲು ಹಗ್ಗದ ತುಂಡು. ಹಗ್ಗಕ್ಕೆ ಜೋತು ಬೀಳಲಾಗದು, ಆದರೆ ಹಿಡಿದ ಧೈರ್ಯ ಇರುತ್ತದೆ. ಕೊನೆಗೆ ಹಗ್ಗದ ಇನ್ನೊಂದು ತುದಿಯನ್ನು ನೀವು ಬಿಟ್ಟುಬಿಡಿ.

ಬಿಲ್ಲೆ ಎತ್ತುವುದು ಎಲ್ಲಕ್ಕಿಂತ ಕಷ್ಟದ ಭಾಗ. ತಲೆ ಕೆಳಗೆ ಹೋದೊಡನೆ ಒಳಗಿವಿಯ ಸುದ್ದಿ ಬದಲಾಗುತ್ತದೆ, ನೆಟ್ಟಿದ್ದ ನೋಟವೂ ತಪ್ಪುತ್ತದೆ, ಎರಡೂ ಆಸರೆ ಒಟ್ಟಿಗೆ ಹೋಗುತ್ತವೆ. ಬಿಲ್ಲೆಯನ್ನು ಮೊದಲು ಸ್ಟೂಲಿನ ಮೇಲೆ ಇಡಿ, ಆಮೇಲೆ ಮಣೆಯ ಮೇಲೆ, ಕಡೆಗೆ ನೆಲದ ಮೇಲೆ. ಎರಡೂ ಕಾಲು ನೆಲದ ಮೇಲಿಟ್ಟು ಈ ಮೂರೂ ಎತ್ತರ ಮುಗಿಯಲಿ, ಆಮೇಲೆ ಒಂಟಿಕಾಲಲ್ಲಿ ಮತ್ತೆ ಸ್ಟೂಲಿನಿಂದ ಶುರು. ಎಸೆಯುವುದನ್ನು ಬೇರೆ ಹೊತ್ತಲ್ಲಿ, ಒಂದು ಮೀಟರ್ ದೂರದ ಮೊರಕ್ಕೆ ಎಸೆಸಿ ಕಲಿಸಬಹುದು.

ತುಂಡುಗಳನ್ನು ಜೋಡಿಸುವಾಗ ಹಿಂದಿನಿಂದ ಮುಂದಕ್ಕೆ ಬನ್ನಿ. ಮೊದಮೊದಲು ಮಗುವನ್ನು ನಾಲ್ಕನೆಯ ಮನೆಯಲ್ಲೇ ನಿಲ್ಲಿಸಿ: ಬಿಲ್ಲೆ ಎತ್ತಿತು, ಹೊರಗೆ ಜಿಗಿಯಿತು, ಆಟ ಮುಗಿಯಿತು, ಮೆಚ್ಚಿದ್ದು ಸಿಕ್ಕಿತು. ಮುಂದೆ ಮೂರನೆಯ ಮನೆಯಿಂದ ಶುರು. ಹೀಗೆ ಮಾಡಿದರೆ ಹೊಸದಾಗಿ ಕಲಿಯುವ ಭಾಗ ಯಾವಾಗಲೂ ಮೊದಲಿಗೆ ಬರುತ್ತದೆ, ಗೊತ್ತಿರುವ ಭಾಗ ಕೊನೆಗೆ, ಪ್ರತಿ ಸಲವೂ ಆಟ ಗೆಲುವಿನಲ್ಲೇ ಮುಗಿಯುತ್ತದೆ. ಮುಂದಿನಿಂದ ಕಲಿಸಿದರೆ ಎಡವಿದ ಜಾಗದಲ್ಲೇ ಆಟ ನಿಂತು, ಮಗುವಿಗೆ ಉಳಿಯುವುದು ಆ ಎಡವಿದ್ದು ಮಾತ್ರ.

ಒಂದು ಸಲಕ್ಕೆ ಐದರಂತೆ ಮೂರು ಸುತ್ತು, ನಡುವೆ ಒಂದು ನಿಮಿಷ ಬಿಡುವು, ಒಟ್ಟು ಹತ್ತು ಹದಿನೈದು ನಿಮಿಷ, ವಾರಕ್ಕೆ ನಾಲ್ಕೈದು ದಿನ. ಐದರಲ್ಲಿ ನಾಲ್ಕು ಸರಿಬಂದು, ಅದು ಮೂರು ದಿನ ಹಾಗೇ ಉಳಿದರೆ ಮುಂದಿನ ಹಂತ. ಐದರಲ್ಲಿ ಮೂರು ತಪ್ಪಾದರೆ ಆವತ್ತೇ ಒಂದು ಹಂತ ಹಿಂದಕ್ಕೆ. ಭಾನುವಾರ ಒಂದೂವರೆ ಗಂಟೆ ಕೂಡಿಸಿ ಮಾಡಿಸಿದರೆ ವಾರದ ಲೆಕ್ಕ ತುಂಬಿತು ಎಂದುಕೊಳ್ಳಬೇಡಿ. ಸುಸ್ತಾದ ಕಾಲು ತಪ್ಪು ಚಲನೆಯನ್ನೇ ಕಲಿಯುತ್ತದೆ.

ಕೆಡುವುದು ಹೆಚ್ಚಾಗಿ ಮಾತಿನಿಂದ. "ಹಾಂ ಕಾಲೆತ್ತು, ಹಾಗಲ್ಲ ಕಂದಾ, ಆ ಕಾಲು, ಬೀಳ್ತೀಯಾ ನೋಡು, ನೆಟ್ಟಗೆ ನಿಲ್ಲು" ಎಂದು ಅಜ್ಜಿ, ಅಮ್ಮ, ಅತ್ತೆ ಮೂವರೂ ಒಟ್ಟಿಗೆ ಹೇಳುತ್ತಿದ್ದರೆ ಮಗು ಕಿವಿ ಮುಚ್ಚಿಕೊಳ್ಳುತ್ತದೆ. ಒಂದು ಹಂತಕ್ಕೆ ಒಂದೇ ಪದ, ಹೇಳುವವರು ಒಬ್ಬರೇ. ಹೇಳಿದ ಮೇಲೆ ಐದು ಸೆಕೆಂಡ್ ಬಾಯಿಮುಚ್ಚಿ ಕಾಯಿರಿ. ಮಾತು ತಲೆಗೆ ಹೋಗಿ ಕಾಲಿಗೆ ಇಳಿಯಲು ಈ ಮಕ್ಕಳಿಗೆ ಹೆಚ್ಚು ಹೊತ್ತು ಬೇಕು, ಅಷ್ಟರಲ್ಲಿ ಎರಡನೆಯ ಸಲ ಹೇಳಿದರೆ ಲೆಕ್ಕ ಮತ್ತೆ ಮೊದಲಿಂದ. ಎದುರು ನಿಂತು ಮಾಡಿ ತೋರಿಸಿದರೆ ಎಡ ಬಲ ಅದಲುಬದಲಾಗುತ್ತದೆ. ಪಕ್ಕದಲ್ಲಿ, ಮಗು ನೋಡುತ್ತಿರುವ ದಿಕ್ಕಿಗೇ ಮುಖಮಾಡಿ ನಿಂತು ತೋರಿಸಿ.

ಪಾದದ ಗುರುತು ಸಹಾಯಕ್ಕೆ ಬಂದದ್ದು ಅಡ್ಡಿಯೂ ಆಗುತ್ತದೆ. ಗುರುತಿಲ್ಲದ ಮನೆಗೆ ಕಾಲಿಡಲು ಮಗು ಒಪ್ಪುವುದಿಲ್ಲ. ಅದಕ್ಕೆ ಗುರುತನ್ನು ಒಮ್ಮೆಗೇ ಕೀಳದೆ ವಾರವಾರ ಕತ್ತರಿಸುತ್ತ ಬನ್ನಿ, ಅರ್ಧ ಪಾದ, ಬೆರಳಷ್ಟೇ, ಒಂದು ಚುಕ್ಕಿ, ಆಮೇಲೆ ಖಾಲಿ. ಹಾಲ್‌ನಲ್ಲಿ ಕಲಿತದ್ದು ತಾರಸಿಯಲ್ಲಿ ಬಾರದಿರುವುದೂ ಮಾಮೂಲು. ಎರಡನೆಯ ಹಂತದಿಂದಲೇ ವಾರಕ್ಕೊಮ್ಮೆ ಜಾಗ ಬದಲಿಸಿ, ಟೇಪಿನ ಬಣ್ಣವನ್ನೂ ಬದಲಿಸಿ.

ತಿರುಗುವ ವಿಷಯಕ್ಕೆ ಬಂದರೆ, ಗಿರಗಿರನೆ ಎಷ್ಟು ತಿರುಗಿದರೂ ತಲೆಸುತ್ತದ ಮಗುವನ್ನು ಕಂಡು ಇವನಿಗೆ ಬ್ಯಾಲೆನ್ಸ್ ಭಾರಿ ಎನ್ನುವವರಿದ್ದಾರೆ. ತಿರುಗಿದ ಸುದ್ದಿ ಮೆದುಳಿಗೆ ಮುಟ್ಟುವ ಬಗೆ ಬೇರೆ ಎಂದಷ್ಟೇ ಅದರಿಂದ ತಿಳಿಯಬಹುದು. ಉಯ್ಯಾಲೆಯಲ್ಲಿ ಹಿಂದೆ ಮುಂದೆ ನಿಧಾನಕ್ಕೆ ತೂಗುವುದು ಹೆಚ್ಚಿನ ಮಕ್ಕಳನ್ನು ಶಾಂತ ಮಾಡುತ್ತದೆ, ಅದಕ್ಕೆ ಅಡ್ಡಿಯಿಲ್ಲ. ಸುತ್ತು ತಿರುಗಿಸುವುದನ್ನು ಮಾತ್ರ ಆಕ್ಯುಪೇಷನಲ್ ಥೆರಪಿಸ್ಟ್ (ದಿನನಿತ್ಯದ ಕೆಲಸಗಳನ್ನು ರೂಢಿಮಾಡಿಸುವ ಚಿಕಿತ್ಸಕರು) ನೋಡಿ ಹೇಳಿದಷ್ಟೇ ಮಾಡಿ. ಮಾತು ಬಾರದ ಮಗು ತಲೆಸುತ್ತು ಎಂದು ಹೇಳಲಾರದು. ಮುಖ ಬಿಳಿಚಿಕೊಳ್ಳುವುದು, ಬೆವರು, ಸುಮ್ಮನೆ ಆಕಳಿಕೆ ಕಂಡರೆ ತಕ್ಷಣ ನಿಲ್ಲಿಸಿ. ಮೈ ಕೆಡುವುದು ನಿಲ್ಲಿಸಿದ ಎಷ್ಟೋ ಹೊತ್ತಿನ ಮೇಲೂ ಬರಬಹುದು.

ಸಮತೋಲನದ ಈ ಹದಿನೈದು ನಿಮಿಷ ದಿನದ ವ್ಯಾಯಾಮವಲ್ಲ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಕೊಟ್ಟ ಮಾರ್ಗಸೂಚಿಯ ಪ್ರಕಾರ 5ರಿಂದ 17 ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷ ಉಸಿರು ಜೋರಾಗುವಷ್ಟು ಚಟುವಟಿಕೆ ಬೇಕು, ಅಂಗವೈಕಲ್ಯ ಇರುವ ಮಕ್ಕಳಿಗೂ ಅದೇ ಅಳತೆ. ಇದನ್ನು ಹತ್ತು ಹತ್ತು ನಿಮಿಷವಾಗಿ ಒಡೆದು ಕೊಡಿ. ಅಮೆರಿಕದಲ್ಲಿ 1984ರಲ್ಲೇ ನಡೆದ ಒಂದು ಸಣ್ಣ ಅಧ್ಯಯನದಲ್ಲಿ 15 ನಿಮಿಷ ಬಿರುಸಾಗಿ ಓಡಿದ ಮೇಲೆ ಕೈಬಡಿತ, ತೂಗಾಟದಂಥ ಪುನರಾವರ್ತನೆಗಳು ಸ್ವಲ್ಪ ಹೊತ್ತಿನ ಮಟ್ಟಿಗೆ ಕಡಿಮೆಯಾದವು. ಮೆಲ್ಲಗೆ ಚೆಂಡಾಟ ಆಡಿದಾಗ ಅಂಥ ಬದಲಾವಣೆ ಕಾಣಲಿಲ್ಲ. ಹಾಗಾಗಿ ಓಟ ಮೊದಲು, ನೀರು ಕುಡಿದು ಉಸಿರು ಹದಕ್ಕೆ ಬಂದ ಮೇಲೆ ಕುಂಟೆಬಿಲ್ಲೆ, ಆಮೇಲೆ ಓದು ಬರಹ: ಈ ಕ್ರಮ ಹೆಚ್ಚು ಮಕ್ಕಳಿಗೆ ಒಗ್ಗುತ್ತದೆ. ಈಜು ಒಳ್ಳೆಯದೇ, ಆದರೆ ನೀರಿನ ಸೆಳೆತ ಈ ಮಕ್ಕಳಲ್ಲಿ ಬಹಳ, ಅಪಾಯದ ಅರಿವು ಕಡಿಮೆ. ಈಜು ಕಲಿಸಲು ಸೇರಿಸುವ ಮೊದಲು ಮನೆಯ ಸಂಪಿನ ಮುಚ್ಚಳಕ್ಕೆ ಬೀಗ ಹಾಕಿ.

ಸೈಕಲ್ಲಿನ ಬಗ್ಗೆ ಒಂದೇ ಮಾತು. ಪಕ್ಕದ ಪುಟ್ಟ ಚಕ್ರಗಳು ಸಮತೋಲನ ಕಲಿಸುವುದಿಲ್ಲ, ಮಗು ಒಂದು ಕಡೆಗೆ ಒರಗಿ ಕೂರುವುದನ್ನು ಕಲಿಸುತ್ತವೆ. ಅವನ್ನೂ ಪೆಡಲ್‌ಗಳನ್ನೂ ಬಿಚ್ಚಿ, ಕೂತಾಗ ಎರಡೂ ಅಂಗಾಲು ನೆಲಕ್ಕೆ ಪೂರ್ತಿ ತಾಗುವಷ್ಟು ಸೀಟು ಇಳಿಸಿ, ಕಾಲಲ್ಲಿ ತಳ್ಳಿಕೊಂಡು ಹೋಗಲಿ. ಎರಡೂ ಕಾಲೆತ್ತಿ ಐದಾರು ಸೆಕೆಂಡ್ ಸಾಗುವುದು ಬಂದ ಮೇಲೆ ಪೆಡಲ್. ಹೆಲ್ಮೆಟ್ಟನ್ನು ಸೈಕಲ್ ಕೊಳ್ಳುವ ಮೊದಲೇ ತಂದು, ಟಿವಿ ನೋಡುವಾಗ ಒಂದು ನಿಮಿಷ, ಎರಡು ನಿಮಿಷ ಎಂದು ಹಾಕಿಸಿ ರೂಢಿಮಾಡಿ.

ನೋಡಿಕೊಳ್ಳುವವರು ಎಲ್ಲಿ ಸಿಗುತ್ತಾರೆ ಎಂದರೆ, ಜಿಲ್ಲಾ ಮಟ್ಟದಲ್ಲಿ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿಯ ಶೀಘ್ರ ಮಧ್ಯಸ್ಥಿಕೆ ಕೇಂದ್ರಗಳಲ್ಲಿ (ಮಕ್ಕಳ ಬೆಳವಣಿಗೆಯ ತೊಂದರೆಗಳನ್ನು ಬೇಗ ಗುರುತಿಸಿ ನೋಡುವ ಜಾಗ) ವಿಚಾರಿಸಿ. ಕಿವಿ ಮತ್ತು ಸಮತೋಲನದ ಪರೀಕ್ಷೆ ಬೇಕಾದರೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ, ಮಕ್ಕಳ ಮನೋವೈದ್ಯಕೀಯಕ್ಕೆ ಬೆಂಗಳೂರಿನ ನಿಮ್ಹಾನ್ಸ್.

ಶಾಲೆಯಲ್ಲಿ ಪಿಟಿ ಪೀರಿಯಡ್ಡಿನಲ್ಲಿ ಈ ಮಗುವನ್ನು ಮರದ ಕೆಳಗೆ ಕೂರಿಸಿ ಎಲ್ಲರ ನೀರಿನ ಬಾಟಲಿ ಕಾಯಲು ಬಿಡುವುದು ನಡೆದೇ ಇದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 16ನೇ ಕಲಂ ಸರ್ಕಾರದ ಅನುದಾನ ಅಥವಾ ಮಾನ್ಯತೆ ಇರುವ ಶಾಲೆಗಳು ಆಟೋಟದ ಅವಕಾಶವನ್ನು ಬೇರೆ ಮಕ್ಕಳಿಗೆ ಸಮನಾಗಿ ಕೊಡಬೇಕು ಎನ್ನುತ್ತದೆ. ಆದರೆ ಪಿಟಿ ಮೇಷ್ಟ್ರ ಮುಂದೆ ಕಾಯ್ದೆಗಿಂತ ಒಂದು ಚೀಟಿ ಹೆಚ್ಚು ಕೆಲಸ ಮಾಡುತ್ತದೆ. ಅದರಲ್ಲಿ ಇಷ್ಟು ಬರೆದರೆ ಸಾಕು: ಸಾಲಿನಲ್ಲಿ ಎರಡನೆಯವನಾಗಿ ನಿಲ್ಲಿಸಿ, ಮುಂದಿನವನನ್ನು ನೋಡಿ ಮಾಡುತ್ತಾನೆ, ಕಾಯುವ ಹೊತ್ತೂ ಕಡಿಮೆ. ಸೀಟಿಯನ್ನು ಕಿವಿಯ ಹತ್ತಿರ ಊದಬೇಡಿ, ಕೈಯೆತ್ತಿ ತೋರಿಸಿದರೂ ನಿಲ್ಲುತ್ತಾನೆ. ಲಗೋರಿ ಆಡಿಸುವುದಾದರೆ ಕಲ್ಲು ಜೋಡಿಸುವ ಕೆಲಸ ಇವನಿಗಿರಲಿ, ಕುಕ್ಕರಗಾಲಲ್ಲಿ ಕೂತು ಏಳು ಕಲ್ಲು ಪೇರಿಸುವುದು ಅವನ ಕಾಲಿಗೂ ಒಳ್ಳೆಯದು. ಚೆಂಡು ಮಾತ್ರ ಸ್ಪಂಜಿನದು ತನ್ನಿ, ರಬ್ಬರ್ ಚೆಂಡು ಬೆನ್ನಿಗೊಮ್ಮೆ ಬಿದ್ದರೆ ಮಾರನೆಯ ದಿನ ಮೈದಾನಕ್ಕೇ ಇಳಿಯುವುದಿಲ್ಲ.